ಬಿಳಿ ಕೋಶ ಎಂದರೆ ಸೊನ್ನೆ ಅಲ್ಲ: ಶಾಸನಗಳ ಹೀಟ್‌ಮ್ಯಾಪ್ ಮಾಡುವ ಮುನ್ನ

ಹೋದ ವರ್ಷ ನಾನೊಂದು ಚಿತ್ರ ಮಾಡಿ ಗೆಳೆಯರ ವಾಟ್ಸಾಪ್ ಗುಂಪುಗಳಿಗೆ ಕಳಿಸಿದ್ದೆ. ನಿಮ್ಮಲ್ಲಿ ಕೆಲವರು ನೋಡಿರಬಹುದು. ಎಡಗಡೆ ಹಳೇ ಮೈಸೂರಿನ ತಾಲ್ಲೂಕುಗಳ ಹೆಸರು, ಮೇಲ್ಗಡೆ ಶತಮಾನಗಳು, ನಡುವೆ ಚೌಕಗಳು. ಶಾಸನ ಹೆಚ್ಚಿದ್ದಲ್ಲಿ ಕಡು ಕೆಂಪು, ಕಡಿಮೆ ಇದ್ದಲ್ಲಿ ತಿಳಿ ಹಳದಿ, ಏನೂ ಇಲ್ಲದಲ್ಲಿ ಬಿಳಿ. ಪಕ್ಕದಲ್ಲಿ ಅದೇ ಬಣ್ಣಗಳ ಒಂದು ಭೂಪಟ. ನೋಡಲು ಚೆನ್ನಾಗಿತ್ತು. ನಾನು ಸೇರಿಸಿದ್ದ ಶೀರ್ಷಿಕೆಯೂ ಜೋರಾಗಿತ್ತು, ‘ಶಾಸನಗಳು ಎಲ್ಲಿವೆ?’ ಅಂತ.

ಎರಡು ತಿಂಗಳಾದ ಮೇಲೆ ಮಲೆನಾಡಿನ ಅಂಚಿನ ಒಂದು ಊರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. “ಏನ್ ಸ್ವಾಮಿ, ನಿಮ್ಮ ಪಟದಲ್ಲಿ ನಮ್ಮೂರಲ್ಲಿ ಏನೂ ಇಲ್ಲ ಅಂತ ಇದೆಯಂತಲ್ಲ?” ಅಂದರು. ಸಂಗತಿ ಇಷ್ಟು. ಊರ ದೇವಸ್ಥಾನ ಹೊಸದಾಗಿ ಕಟ್ಟುತ್ತಿದ್ದರು. ಹಿಂದುಗಡೆ ಬಿದ್ದಿದ್ದ ಮೂರು ಹಳೇ ಕಲ್ಲುಗಳನ್ನು ಪಾಯಕ್ಕೆ ಹಾಕುವ ಮಾತು ಬಂದಾಗ ಮೇಷ್ಟ್ರು ತಡೆದರು, ಅಕ್ಷರ ಇರೋ ಹಾಗಿದೆ, ಯಾರಿಗಾದರೂ ತೋರಿಸೋಣ ಅಂದರು. ಆಗ ಊರಿನ ಹುಡುಗನೊಬ್ಬ ಮೊಬೈಲ್ ತೆಗೆದು ನನ್ನ ಭೂಪಟ ತೋರಿಸಿದನಂತೆ. ಅವರ ಊರಿನ ಸುತ್ತ ಬಿಳಿ. “ಶಾಸನ ಇಲ್ಲ ಅಂತ ಇಂಜಿನಿಯರೇ ಪಟ ಮಾಡಿದ್ದಾರಲ್ಲ ಸಾರ್” ಅಂದನಂತೆ. ಎರಡು ಕಲ್ಲು ಪಾಯ ಸೇರಿದವು. ಮೂರನೆಯದು ಬಚ್ಚಲ ಹತ್ತಿರ ಬಟ್ಟೆ ಒಗೆಯಲು ಬಳಕೆಯಲ್ಲಿತ್ತು, ಹಾಗಾಗಿ ಉಳಿಯಿತು.

ಆ ಹುಡುಗನದು ತಪ್ಪೇನಿಲ್ಲ. ಚಿತ್ರ ಹೇಳಿದ್ದನ್ನೇ ಅವನು ಓದಿದ. ತಪ್ಪು ಚಿತ್ರದ್ದು, ಅಂದರೆ ನನ್ನದು. ಅದು ಎಲ್ಲಿ ಆಯಿತು ಎಂದು ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗೀಗ ನಮ್ಮಂಥ ಹವ್ಯಾಸಿಗಳು ಬಹಳ ಜನ ಶಾಸನಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಬಣ್ಣದ ಪಟ ಮಾಡುತ್ತಿದ್ದಾರೆ. ಅವರಿಗೆ ಉಪಯೋಗವಾದೀತು.

ಮೊದಲು ನಾನು ಮಾಡಿದ ಕ್ರಮ ಹೇಳಿಬಿಡುತ್ತೇನೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳು 1886ರಿಂದ 1905ರ ನಡುವೆ ಹೊರಬಂದವು. ಅವುಗಳಲ್ಲಿ ಶಾಸನಗಳನ್ನು ಕಾಲಾನುಕ್ರಮವಾಗಿ ಜೋಡಿಸಿದ ಪಟ್ಟಿಗಳಿವೆ. ಆ ಪಟ್ಟಿಗಳಿಂದ ಒಂದು ಶಾಸನಕ್ಕೆ ಒಂದು ಸಾಲಿನಂತೆ ಟೈಪ್ ಮಾಡಿಕೊಂಡೆ: ಸಂಪುಟ, ತಾಲ್ಲೂಕು, ಸಂಖ್ಯೆ, ಊರು, ವರ್ಷ, ರಾಜವಂಶ. ವರ್ಷವನ್ನು ದಿನಾಂಕವಾಗಿ ಬರೆಯಬೇಡಿ, ಬರೀ ಅಂಕಿಯಾಗಿ ಬರೆಯಿರಿ. ಎಕ್ಸೆಲ್‌ಗೆ ಕಾಲ ಶುರುವಾಗುವುದೇ 1900ರ ಜನವರಿ 1ರಿಂದ, ಅದರ ದೃಷ್ಟಿಯಲ್ಲಿ ಗಂಗರೂ ಇಲ್ಲ, ಹೊಯ್ಸಳರೂ ಇಲ್ಲ. ಆಮೇಲೆ ಶತಮಾನಕ್ಕೆ ಒಂದು ಕಾಲಂ. ಇಲ್ಲೊಂದು ಸಣ್ಣ ಗುಂಡಿ ಇದೆ, ನಾನು ಬಿದ್ದಿದ್ದೇನೆ. ವರ್ಷವನ್ನು 100ರಿಂದ ಭಾಗಿಸಿ, ದಶಾಂಶ ಬಿಟ್ಟು, 1 ಕೂಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಸೂತ್ರ. ಕ್ರಿ.ಶ. 900 ಇದ್ದರೆ ಅದು 10ನೆಯ ಶತಮಾನಕ್ಕೆ ಹೋಗಿ ಕೂರುತ್ತದೆ. ಆದರೆ 900 ಎಂಬುದು 9ನೆಯ ಶತಮಾನದ ಕೊನೆಯ ವರ್ಷ. ತೇದಿ ಇಲ್ಲದ ಶಾಸನಗಳಿಗೆ ‘ಸುಮಾರು 900’ ಎಂಬಂಥ ದುಂಡು ಅಂಕಿಗಳೇ ಸಿಗುವುದು, ಹಾಗಾಗಿ ಇದು ಒಂದೆರಡು ಶಾಸನಗಳ ಪ್ರಶ್ನೆಯಲ್ಲ, ಇಡೀ ಒಂದು ಗುಂಪು ಪಕ್ಕದ ಕಾಲಂಗೆ ಜಾರುತ್ತದೆ. 100ರಿಂದ ಭಾಗಿಸಿ ಮೇಲಕ್ಕೆ ದುಂಡು ಮಾಡಿದರೆ ಸರಿಹೋಗುತ್ತದೆ.

ಮುಂದಿನದು ಸುಲಭ. ಪಿವೊಟ್ ಟೇಬಲ್ ತೆಗೆದು ಸಾಲಿಗೆ ತಾಲ್ಲೂಕು, ಕಾಲಂಗೆ ಶತಮಾನ, ಒಳಗೆ ಎಣಿಕೆ. ಎಲ್ಲವನ್ನೂ ಆಯ್ಕೆ ಮಾಡಿ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಕಲರ್ ಸ್ಕೇಲ್ ಕೊಟ್ಟರೆ ಹೀಟ್‌ಮ್ಯಾಪ್ ತಯಾರು. ಟ್ಯಾಬ್ಲೋ ಬಳಸುವವರು ತಾಲ್ಲೂಕನ್ನು ರೋಸ್‌ಗೆ, ಶತಮಾನವನ್ನು ಕಾಲಮ್ಸ್‌ಗೆ ಎಳೆದು, ಗುರುತಿನ ಬಗೆಯನ್ನು ಸ್ಕ್ವೇರ್ ಮಾಡಿ, ಎಣಿಕೆಯನ್ನು ಕಲರ್ ಮೇಲೆ ಬಿಟ್ಟರೆ ಅದೇ ಬರುತ್ತದೆ. (ಟ್ಯಾಬ್ಲೋದ ಸಿದ್ಧ ಪಟ್ಟಿಯಲ್ಲಿ ಹೀಟ್‌ಮ್ಯಾಪ್ ಅಂತ ಇರುವುದು ಚೌಕದ ಗಾತ್ರ ಬದಲಾಗುವ ಚಿತ್ರ. ನಮಗೆ ಬೇಕಾದದ್ದನ್ನು ಅದು ಹೈಲೈಟ್ ಟೇಬಲ್ ಅನ್ನುತ್ತದೆ. ನಾನು ಅರ್ಧ ದಿನ ಇದರಲ್ಲೇ ಕಳೆದೆ.)

ಪಿವೊಟ್ ಟೇಬಲ್ಲಿನ ಆಯ್ಕೆಗಳಲ್ಲಿ ಒಂದು ಪುಟ್ಟ ಡಬ್ಬಿ ಇದೆ: ಖಾಲಿ ಕೋಶ ಬಂದರೆ ಏನು ತೋರಿಸಬೇಕು? ಏನೂ ಬರೆಯದಿದ್ದರೆ ಅದು ಖಾಲಿಯಾಗೇ ಉಳಿಯುತ್ತದೆ, ಬಣ್ಣವೂ ಹತ್ತುವುದಿಲ್ಲ. ಅಲ್ಲಲ್ಲಿ ತೂತು ಬಿದ್ದ ಹಾಗೆ ಕಾಣುತ್ತೆ ಅಂತ ನಾನು ಅಲ್ಲಿ 0 ಬರೆದೆ. ಬಣ್ಣದ ಪಟ್ಟಿಯಲ್ಲಿ 0ಗೆ ಬಿಳಿ ಕೊಟ್ಟೆ. ಪಾಯಕ್ಕೆ ಕಲ್ಲು ಹೋದದ್ದು ಆ ಡಬ್ಬಿಯಿಂದ.

ಸಾಲು, ಕಾಲಂ ಮಾಡಿ ಕೋಶಕ್ಕೆ ಬಣ್ಣ ತುಂಬುವ ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು. 1873ರಲ್ಲಿ ತೂಸಾಂ ಲುವಾ ಎಂಬವರು ಪ್ಯಾರಿಸ್ ನಗರದ ಜನಸಂಖ್ಯೆಯ ಬಗ್ಗೆ ಒಂದು ಅಟ್ಲಾಸ್ ತಂದರು. ನಗರದ 20 ವಿಭಾಗಗಳ ಜನರ ಹುಟ್ಟು, ಕಸುಬು, ವಯಸ್ಸು ಹೀಗೆ 40 ಬೇರೆ ಬೇರೆ ಪಟಗಳು. ಕೊನೆಗೆ ಆ 40ನ್ನೂ ಒಂದೇ ಹಾಳೆಯಲ್ಲಿ ಸಾಲು-ಕಾಲಂ ಮಾಡಿ ಕೋಶಗಳಿಗೆ ಬಣ್ಣ ತುಂಬಿಸಿದರು. ಇವತ್ತು ನಾವು ಮಾಡುವುದು ಅದನ್ನೇ. ಹೀಟ್‌ಮ್ಯಾಪ್ ಎಂಬ ಹೆಸರು ಮಾತ್ರ ಬಹಳ ಈಚಿನದು. 1990ರ ದಶಕದ ಆರಂಭದಲ್ಲಿ ಕಾರ್ಮ್ಯಾಕ್ ಕಿನ್ನಿ ಎಂಬ ತಂತ್ರಾಂಶಕಾರರು ಷೇರುಪೇಟೆಯ ಮಾಹಿತಿ ತೋರಿಸುವ ತಮ್ಮ ಪರದೆಗೆ ಆ ಹೆಸರಿಟ್ಟು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು.

ನಮಗೆ ಹೆಚ್ಚು ಹತ್ತಿರದವರು ಫ್ಲಿಂಡರ್ಸ್ ಪೆಟ್ರಿ. ಈಜಿಪ್ಟಿನಲ್ಲಿ ನಕಾಡ ಮತ್ತು ಡಯೋಸ್ಪೊಲಿಸ್ ಪಾರ್ವಾ ಎಂಬಲ್ಲಿ ಅವರಿಗೆ ಸಾವಿರಾರು ಗೋರಿಗಳು ಸಿಕ್ಕವು. ಒಂದರಲ್ಲೂ ಬರಹ ಇಲ್ಲ, ರಾಜನ ಹೆಸರಿಲ್ಲ, ತೇದಿ ಇಲ್ಲ. ಇದ್ದದ್ದು ಮಡಕೆಗಳು. ಪೆಟ್ರಿ ಸುಮಾರು 900 ಗೋರಿಗಳನ್ನು ಆರಿಸಿ, ಒಂದೊಂದಕ್ಕೂ ಒಂದೊಂದು ಕಾಗದದ ಪಟ್ಟಿ ಮಾಡಿ, ಅದರ ಮೇಲೆ ಯಾವ ಬಗೆಯ ಮಡಕೆ ಸಿಕ್ಕಿತು ಎಂದು ಗುರುತು ಹಾಕಿದರು. ಆಮೇಲೆ ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸುತ್ತಾ, ಒಂದೇ ಬಗೆಯ ಮಡಕೆಗಳು ಒತ್ತೊತ್ತಾಗಿ ಬರುವ ಹಾಗೆ ಜೋಡಿಸಿದರು. ಬಣ್ಣ ಇರಲಿಲ್ಲ ಅನ್ನುವುದು ಬಿಟ್ಟರೆ ಅದು ಸಾಲು ಬದಲಿಸಿ ಬದಲಿಸಿ ನೋಡುವ ಹೀಟ್‌ಮ್ಯಾಪೇ. 1899ರಲ್ಲಿ ಅದನ್ನು ಪ್ರಕಟಿಸಿದರು.

ನಾನು ಈ ಕಥೆ ಎಳೆದು ತಂದದ್ದು ಒಂದೇ ಒಂದು ವಿವರಕ್ಕಾಗಿ. ಪೆಟ್ರಿ ತಮ್ಮ ಗೋರಿಗಳ ಸರಣಿಗೆ ಅನುಕ್ರಮ ಅಂಕಿ ಕೊಟ್ಟಾಗ ಒಂದರಿಂದ ಶುರು ಮಾಡಲಿಲ್ಲ. 30ರಿಂದ ಶುರು ಮಾಡಿ 80ಕ್ಕೆ ಮುಗಿಸಿದರು. 1ರಿಂದ 29 ಬೇಕೆಂದೇ ಖಾಲಿ. ತನಗಿಂತ ಮುಂದೆ ಅಗೆಯುವವರಿಗೆ ಇನ್ನೂ ಹಳೆಯದು ಸಿಕ್ಕೀತು, ಅದಕ್ಕೆ ಜಾಗ ಇರಲಿ ಎಂದು. ಸುಮಾರು ಕಾಲು ಶತಮಾನದ ಮೇಲೆ, 1920ರ ದಶಕದಲ್ಲಿ, ಬದಾರಿ ಎಂಬಲ್ಲಿ ನಿಜವಾಗಲೂ ಇನ್ನೂ ಹಳೆಯ ಸಂಸ್ಕೃತಿಯ ಗೋರಿಗಳು ಸಿಕ್ಕವು. ಅವು ಆ ಖಾಲಿ ಜಾಗಕ್ಕೇ ಹೋದವು. ಖಾಲಿ ಬಿಡುವುದು ಒಂದು ಕೆಲಸ, ಅದನ್ನು ಪೆಟ್ರಿ ಮಾಡಿದ್ದರು. ನಾನು ಖಾಲಿ ಕಂಡಲ್ಲೆಲ್ಲ ಸೊನ್ನೆ ಬರೆದಿದ್ದೆ.

ಈಗ ಶ್ರವಣಬೆಳಗೊಳಕ್ಕೆ ಬನ್ನಿ. ಈ ಇಡೀ ವಿಷಯವನ್ನು ಅದೊಂದೇ ಊರು ಅರ್ಥ ಮಾಡಿಸುತ್ತದೆ.

1889ರಲ್ಲಿ ರೈಸ್ ಶ್ರವಣಬೆಳಗೊಳದ ಸಂಪುಟ ತಂದಾಗ ಅದರಲ್ಲಿದ್ದದ್ದು 144 ಶಾಸನ. ಅವರ ನಂತರ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ ಅವರ ಪರಿಷ್ಕೃತ ಆವೃತ್ತಿ 1923ರಲ್ಲಿ ಬಂತು. ಅದರಲ್ಲಿ 500. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಹೊಸ ಆವೃತ್ತಿಯಲ್ಲಿ 573. ಬೆಟ್ಟ ಅದೇ, ಬಂಡೆ ಅದೇ. 1889ಕ್ಕೂ 1923ಕ್ಕೂ ನಡುವೆ ಯಾರೂ 356 ಶಾಸನ ಕೆತ್ತಿ ಹೋಗಲಿಲ್ಲ.

ಈ ಮೂರು ಅಂಕಿಗಳನ್ನು ಮೂರು ಹೀಟ್‌ಮ್ಯಾಪ್‌ಗಳಲ್ಲಿ ಹಾಕಿ ನೋಡಿ. ಅದೇ ಕೋಶ ಮೊದಲು ಕಿತ್ತಳೆ, ಆಮೇಲೆ ಕೆಂಪು, ಆಮೇಲೆ ಕಡು ಕೆಂಪು. ಏರಿದ ಕಾವು ಶಾಸನ ಬರೆಸಿದವರದಲ್ಲ, ಬಿಸಿಲಲ್ಲಿ ಕೂತು ಬಂಡೆ ತೊಳೆದು ಪಡಿಯಚ್ಚು ತೆಗೆದವರದು. ರೈಸ್ ಅವರನ್ನು ಆಕ್ಷೇಪಿಸುವ ಮಾತಲ್ಲ ಇದು. ಮೈಸೂರು ಸಂಸ್ಥಾನದ ಅಷ್ಟೂ ತಾಲ್ಲೂಕುಗಳನ್ನು ಕೆಲವೇ ಪಂಡಿತರು, ನಕಲುಗಾರರನ್ನು ಇಟ್ಟುಕೊಂಡು ಮುಗಿಸಬೇಕಿತ್ತು. ಅಂಥ ಕೆಲಸದಲ್ಲಿ ದೊಡ್ಡ ಶಾಸನ ಮೊದಲು ಕಣ್ಣಿಗೆ ಬೀಳುತ್ತದೆ, ಬಂಡೆಯ ಮೇಲಿನ ಯಾತ್ರಿಕನ ಒಂದು ಸಾಲಿನ ಹೆಸರು ಆಮೇಲೆ.

ಈ ಒಂದು ಸಾಲಿನ ಹೆಸರು ಇನ್ನೊಂದು ಪ್ರಶ್ನೆ ಎಬ್ಬಿಸುತ್ತದೆ. 1973ರ ಎಣಿಕೆಯಂತೆ 573ರಲ್ಲಿ 271 ಚಿಕ್ಕಬೆಟ್ಟದಲ್ಲಿವೆ, 172 ದೊಡ್ಡಬೆಟ್ಟದಲ್ಲಿ, 80 ಊರಲ್ಲಿ, 50 ಸುತ್ತಲ ಹಳ್ಳಿಗಳಲ್ಲಿ. ಗೊಮ್ಮಟನಿರುವುದು ದೊಡ್ಡಬೆಟ್ಟದಲ್ಲಿ, ಶಾಸನ ಹೆಚ್ಚಿರುವುದು ಚಿಕ್ಕಬೆಟ್ಟದಲ್ಲಿ. ಅಲ್ಲಿನ ಬಂಡೆಗಳ ಮೇಲೆ ಸುಮಾರು ಕ್ರಿ.ಶ. 600ರಿಂದ ಸಲ್ಲೇಖನ ಮಾಡಿದವರ ನೆನಪಿನ ಬರಹಗಳಿವೆ. ಯಾತ್ರಿಕರು ಬಿಟ್ಟುಹೋದ ಹೆಸರುಗಳೂ ಇವೆ, ಕಂಬದ ನಾಲ್ಕು ಮುಖ ತುಂಬ ಬರೆದ ಉದ್ದುದ್ದ ಶಾಸನಗಳೂ ಇವೆ. ಪಿವೊಟ್ ಟೇಬಲ್ಲಿಗೆ ಎಲ್ಲವೂ ಒಂದೊಂದೇ. ‘ಎಷ್ಟು ಶಾಸನ’ ಎಂಬ ಪ್ರಶ್ನೆಗೆ ಅದು ಸರಿ ಇರಬಹುದು. ‘ಎಷ್ಟು ದಾನ ನಡೆಯಿತು’, ‘ಯಾವಾಗ ಆಡಳಿತ ಬಿಗಿಯಾಗಿತ್ತು’ ಎಂಬ ಪ್ರಶ್ನೆಗೆ ಅದೇ ಕೆಂಪನ್ನು ಉತ್ತರವಾಗಿ ತೋರಿಸಿದರೆ ಸುಳ್ಳಾಗುತ್ತದೆ. ಅದಕ್ಕೇ ಈಗ ನನ್ನ ಹಾಳೆಯಲ್ಲಿ ‘ಬಗೆ’ ಎಂಬ ಕಾಲಂ ಸೇರಿಸಿದ್ದೇನೆ: ದಾನ, ವೀರಗಲ್ಲು, ಮಾಸ್ತಿಕಲ್ಲು, ನಿಸಿದಿ, ಯಾತ್ರಿಕರ ಬರಹ, ತಾಮ್ರಶಾಸನ, ಇತರೆ. ಒಂದೊಂದು ಬಗೆಗೂ ಬೇರೆ ಹೀಟ್‌ಮ್ಯಾಪ್.

ಇನ್ನೂ ತಮಾಷೆ ಅಂದರೆ, ಶ್ರವಣಬೆಳಗೊಳ ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಹಾಸನ ಜಿಲ್ಲೆಯ ಸಂಪುಟ ಐದನೆಯದು, 1902ರದು, ಚನ್ನರಾಯಪಟ್ಟಣ ಅದರಲ್ಲಿದೆ. ಆದರೆ ಶ್ರವಣಬೆಳಗೊಳಕ್ಕೆ ತನ್ನದೇ ಎರಡನೆಯ ಸಂಪುಟ. ‘ಹಾಸನ ಜಿಲ್ಲೆ ಅಂದರೆ ಐದನೇ ಸಂಪುಟ’ ಎಂದುಕೊಂಡು ಟೈಪ್ ಮಾಡಿದರೆ ಕರ್ನಾಟಕದ ಅತಿ ದಟ್ಟ ಶಾಸನ ನೆಲೆಗಳಲ್ಲೊಂದು ನಿಮ್ಮ ಚಿತ್ರದಿಂದಲೇ ಮಾಯ. ಸೇರಿಸಿದರೋ, ಆ ಒಂದು ಸಾಲು ಉಳಿದವನ್ನೆಲ್ಲ ನುಂಗುತ್ತದೆ. ಒಂದು ಕೋಶದಲ್ಲಿ 200, ಉಳಿದವುಗಳಲ್ಲಿ 3, 8, 15 ಹೀಗಿದೆ ಎಂದಿಟ್ಟುಕೊಳ್ಳಿ. ನೇರ ಬಣ್ಣದ ಪಟ್ಟಿಯಲ್ಲಿ 3ಕ್ಕೂ 15ಕ್ಕೂ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಎಲ್ಲ ಒಂದೇ ತಿಳಿ ಹಳದಿ. ಎಣಿಕೆಯ ಲಾಗರಿದಮ್ ತೆಗೆದು ಅದಕ್ಕೆ ಬಣ್ಣ ಕೊಡಿ, ಕೋಶದ ಒಳಗೆ ಮಾತ್ರ ನಿಜವಾದ ಎಣಿಕೆ ಬರೆಯಿರಿ. ಅಥವಾ 1–2, 3–5, 6–10, 11–25, 26–50, 50ಕ್ಕೆ ಮೇಲೆ ಎಂದು ಮೆಟ್ಟಿಲು ಮಾಡಿ. ನನಗೆ ಮೆಟ್ಟಿಲೇ ಇಷ್ಟ, ಓದುವವರಿಗೆ ವಿವರಿಸುವುದು ಸುಲಭ. ಕೆಂಪು-ಹಳದಿ-ಹಸಿರಿನ ಸಿದ್ಧ ಪಟ್ಟಿ ಬೇಡ. ಹಸಿರು ಅಂದರೆ ಒಳ್ಳೆಯದು, ಕೆಂಪು ಅಂದರೆ ಅಪಾಯ ಅನ್ನುವ ಅರ್ಥ ಸುಮ್ಮನೆ ಬಂದು ಕೂರುತ್ತದೆ, ಕೆಲವರ ಕಣ್ಣಿಗೆ ಅವೆರಡೂ ಒಂದೇ ಥರ ಕಾಣುವುದು ಬೇರೆ. ಒಂದೇ ಬಣ್ಣ ತಿಳಿಯಿಂದ ಗಾಢಕ್ಕೆ ಹೋದರೆ ಸಾಕು.

ಹಲ್ಮಿಡಿಯ ವಿಷಯವೂ ಹೀಗೇ. ಬೇಲೂರು ತಾಲ್ಲೂಕಿನ ಆ ಕಲ್ಲು, ಸುಮಾರು ಕ್ರಿ.ಶ. 450ರದು ಎಂದು ನಾವೆಲ್ಲ ಓದಿರುವುದು, ಡಾ. ಎಂ. ಎಚ್. ಕೃಷ್ಣ ಅವರ ಕಾಲದಲ್ಲಿ 1936ರಲ್ಲಿ ಗೊತ್ತಾದದ್ದು. ರೈಸ್ ಅವರ ಹಾಸನ ಸಂಪುಟ ಅಚ್ಚಾಗಿ ಆಗಲೇ 34 ವರ್ಷ. ಹಾಗಾಗಿ ರೈಸ್ ಸಂಪುಟಗಳಷ್ಟನ್ನೇ ನೆಚ್ಚಿ ನಾನು ಮಾಡಿದ ಚಿತ್ರದಲ್ಲಿ ಹಲ್ಮಿಡಿ ಇರಲೇ ಇಲ್ಲ. ಕನ್ನಡದ ಶಾಸನ ಅಂದಕೂಡಲೆ ಶಾಲೆಯ ಮಕ್ಕಳೂ ಹೇಳುವ ಹೆಸರು ನನ್ನ ಪಟದಲ್ಲಿಲ್ಲ, ನಾನದನ್ನು ಗಮನಿಸಿಯೂ ಇರಲಿಲ್ಲ! ಬೆಂಗಳೂರಿನ ಕಥೆಯೂ ಅಷ್ಟೆ. 1905ರ ಬೆಂಗಳೂರು ಸಂಪುಟ ಬಂದು ಶತಮಾನ ಕಳೆದ ಮೇಲೆ, 2018ರಲ್ಲಿ, ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಹೊರಬಂತು, ಸುಮಾರು ಕ್ರಿ.ಶ. 750ರದು. ಅಷ್ಟು ಜನ ಓಡಾಡುವ ನಗರದಲ್ಲೇ ಹೀಗಾದರೆ, ಬಸ್ಸು ದಿನಕ್ಕೆ ಎರಡೇ ಸಲ ಹೋಗುವ ಊರಿನ ಬಗ್ಗೆ ಬಿಳಿ ಬಣ್ಣ ಕೊಟ್ಟು ಕೂರಲು ನನಗೆ ಯಾವ ಅಧಿಕಾರ?

ಭೂಪಟದ ಕಡೆಗೆ ಬಂದರೆ ತೊಂದರೆಗಳು ಇನ್ನೂ ಒಂದು ಹಿಡಿ ಹೆಚ್ಚು. ರೈಸ್ ಬಳಸಿದ ತಾಲ್ಲೂಕುಗಳು ನೂರಿಪ್ಪತ್ತು ವರ್ಷ ಹಿಂದಿನವು. ಎಡತೊರೆ ಈಗ ಕೃಷ್ಣರಾಜನಗರ, ಮಂಜರಾಬಾದ್ ಈಗ ಸಕಲೇಶಪುರ, ಕಾನಕಾನಹಳ್ಳಿ ಈಗ ಕನಕಪುರ, ಬೌರಿಂಗ್‌ಪೇಟೆ ಈಗ ಬಂಗಾರಪೇಟೆ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ, ಅದರ ಶಾಸನಗಳೆಲ್ಲ ಮೈಸೂರು ಜಿಲ್ಲೆಯ ಸಂಪುಟಗಳಲ್ಲಿವೆ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದ ಸಂಪುಟದಲ್ಲಿವೆ, ಈಗ ಅವು ದಾವಣಗೆರೆ ಜಿಲ್ಲೆ. ತಂತ್ರಾಂಶಕ್ಕೆ ಇಂದಿನ ತಾಲ್ಲೂಕುಗಳ ಗಡಿ ಕೊಟ್ಟು ಹೆಸರಿನ ಮೇಲೆ ಜೋಡಿಸು ಎಂದರೆ, ಹೊಂದದ ಹೆಸರುಗಳನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ತಪ್ಪಾಯಿತು ಅಂತ ಕೂಗುವುದಿಲ್ಲ. ಸಕಲೇಶಪುರ ಬಿಳಿಯಾಗಿ ಉಳಿಯುತ್ತದೆ ಅಷ್ಟೆ. ಜೋಡಿಸಿದ ಮೇಲೆ ಎಷ್ಟು ಸಾಲು ಹೊರಗುಳಿದವು ಎಂದು ನೋಡದೆ ಮುಂದೆ ಹೋಗಬಾರದು.

ಇನ್ನು ಕಲ್ಲು ಈಗ ಎಲ್ಲಿದೆ ಎಂಬುದಕ್ಕೂ ಎಲ್ಲಿ ಸಿಕ್ಕಿತು ಎಂಬುದಕ್ಕೂ ಬೇರೆ ಬೇರೆ ಕಾಲಂ ಬೇಕು. ಆತಕೂರಿನ ಶಾಸನ, ಕಾಳಿ ಎಂಬ ನಾಯಿಯ ನೆನಪಿನದು, ಮಂಡ್ಯ ಜಿಲ್ಲೆಯದು, ಆದರೆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಲ್ಮಿಡಿಯ ಮೂಲ ಕಲ್ಲು ಮೈಸೂರಿನಲ್ಲಿದೆ. ಮೊಬೈಲಿನ ಜಿಪಿಎಸ್ ಹಿಡಿದು ಕಲ್ಲು ಇದ್ದಲ್ಲೇ ಗುರುತು ಹಾಕುತ್ತಾ ಹೋದರೆ ಗಂಗರ ಕಾಲದ ದೊಡ್ಡ ಕೇಂದ್ರ ಕಸ್ತೂರ್ಬಾ ರಸ್ತೆ ಎಂದು ನಿಮ್ಮ ಪಟ ಹೇಳೀತು. ತಾಮ್ರಶಾಸನಗಳಂತೂ ಸಿಕ್ಕಿದ್ದು ಒಂದು ಕಡೆ, ಮಾತಾಡುವುದು ಇನ್ನೊಂದು ಕಡೆಯ ಭೂಮಿಯ ಬಗ್ಗೆ. ಅವನ್ನು ನಾನು ಭೂಪಟದಿಂದ ಹೊರಗಿಟ್ಟಿದ್ದೇನೆ.

ಕ್ಯೂಜಿಐಎಸ್‌ನಲ್ಲಿ ಚುಕ್ಕೆಗಳಿಗೆ ಹೀಟ್‌ಮ್ಯಾಪ್ ಶೈಲಿ ಕೊಟ್ಟಾಗ ಪ್ರತಿ ಚುಕ್ಕೆಯ ಸುತ್ತ ಒಂದು ವ್ಯಾಪ್ತಿಗೆ ಬಣ್ಣ ಹರಡುತ್ತದೆ. ಆ ವ್ಯಾಪ್ತಿ ನೀವೇನೂ ಬದಲಿಸದಿದ್ದರೆ 10 ಮಿಲಿಮೀಟರ್. ನೆಲದ ಮೇಲಲ್ಲ, ಪರದೆಯ ಮೇಲೆ. ಹಾಗಾಗಿ ಪಟವನ್ನು ಹತ್ತಿರ ಎಳೆದರೆ ಒಂದು ದೊಡ್ಡ ಕೆಂಪು ಮಚ್ಚೆ ಹತ್ತು ಸಣ್ಣ ಮಚ್ಚೆಯಾಗುತ್ತದೆ, ದೂರ ಸರಿಸಿದರೆ ಶಿಕಾರಿಪುರವೂ ಸೊರಬವೂ ಸಾಗರವೂ ಕರಗಿ ಒಂದಾಗುತ್ತವೆ. ಇತಿಹಾಸ ಬದಲಾಗಿಲ್ಲ, ಮೌಸಿನ ಗಾಲಿ ತಿರುಗಿದೆ. ಮೀಟರ್ ಲೆಕ್ಕದ ಪ್ರೊಜೆಕ್ಷನ್ ಆರಿಸಿ, ವ್ಯಾಪ್ತಿಯನ್ನು 5 ಕಿಲೋಮೀಟರ್ ಎಂದೋ 10 ಎಂದೋ ನಿಗದಿ ಮಾಡಿ, ಅದನ್ನು ಚಿತ್ರದ ಕೆಳಗೆ ಬರೆಯಿರಿ. ಹೊಸಹಳ್ಳಿ, ಬಸವನಹಳ್ಳಿಯಂಥ ಹೆಸರುಗಳು ತಾಲ್ಲೂಕಿಗೆ ಎರಡೋ ಮೂರೋ ಇರುವುದರಿಂದ ಊರು ಗುರುತಿಸುವಾಗ ಹೋಬಳಿಯನ್ನೂ ನೋಡಬೇಕು.

ಇಡೀ ಕರ್ನಾಟಕದ ಪಟ ಮಾಡಹೊರಟವರು ಇನ್ನೂ ಹುಷಾರಾಗಿರಬೇಕು. ರೈಸ್ ಓಡಾಡಿದ್ದು ಮೈಸೂರು ಸಂಸ್ಥಾನ ಮತ್ತು ಕೊಡಗು. ಬಳ್ಳಾರಿ ಕಡೆಯದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಅಲ್ಲಿನ ಕನ್ನಡ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಒಂಬತ್ತನೆಯ ಸಂಪುಟದಲ್ಲಿವೆ. ಮುಂಬಯಿ ಕರ್ನಾಟಕದವು ಅದೇ ಮಾಲೆಯ 11, 15, 18, 20ನೆಯ ಸಂಪುಟಗಳಲ್ಲಿ, ಅದಕ್ಕೂ ಮುಂಚೆ ಫ್ಲೀಟ್ ಅವರ ಲೇಖನಗಳಲ್ಲಿ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳಲ್ಲಿ ಹರಡಿಕೊಂಡಿವೆ. ಎಪಿಗ್ರಾಫಿಯ ಕರ್ನಾಟಿಕ ಒಂದನ್ನೇ ಹಾಕಿ ರಾಜ್ಯದ ಪಟ ಮಾಡಿದರೆ ದಕ್ಷಿಣ ಕೆಂಡದಂತೆ ಉರಿಯುತ್ತದೆ, ಕಲ್ಯಾಣದ ಚಾಲುಕ್ಯರ ನಾಡು ತಣ್ಣಗೆ ಬಿಳಿ. ಗದಗ, ಧಾರವಾಡ, ಕಲಬುರಗಿ ಕಡೆ ಒಮ್ಮೆ ಸುತ್ತಿ ಬಂದ ಯಾರಾದರೂ ಆ ಪಟ ನೋಡಿ ನಕ್ಕಾರು. ಬಣ್ಣ ಬದಲಾಗುವ ಗೆರೆ ಬ್ರಿಟಿಷರ ಕಾಲದ ಆಡಳಿತದ ಗಡಿ, ಬೇರೇನೂ ಅಲ್ಲ.

ಸರಿ, ಹಾಗಾದರೆ ಹೀಟ್‌ಮ್ಯಾಪ್ ಬಿಟ್ಟುಬಿಡೋಣವೇ? ನಾನು ಬಿಟ್ಟಿಲ್ಲ. ಸಾವಿರಾರು ಸಾಲುಗಳನ್ನು ಒಂದೇ ನೋಟದಲ್ಲಿ ತೋರಿಸುವ ಬೇರೆ ದಾರಿ ನನಗೆ ಗೊತ್ತಿಲ್ಲ. ಆದರೆ ಈಗ ಒಂದರ ಬದಲು ಎರಡು ಮಾಡುತ್ತೇನೆ. ಮೊದಲನೆಯದು ಹಳೆಯದೇ, ತಾಲ್ಲೂಕು ಮತ್ತು ಶಾಸನದ ಶತಮಾನ. ಎರಡನೆಯದು ತಾಲ್ಲೂಕು ಮತ್ತು ಶಾಸನ ಪ್ರಕಟವಾದ ದಶಕ. ಅಂದರೆ ಕೆತ್ತಿದವರ ಕಾಲದ ಪಕ್ಕದಲ್ಲಿ ಓದಿದವರ ಕಾಲ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಕೆಲವು ಸಂಗತಿ ತಾನಾಗಿ ಎದ್ದು ಕಾಣುತ್ತದೆ. ಎರಡನೆಯ ಚಿತ್ರದಲ್ಲಿ ಕೆಲವು ತಾಲ್ಲೂಕುಗಳಿಗೆ ರೈಸ್ ದಶಕದಲ್ಲಿ ಒಂದು ಗಾಢ ಚೌಕ, ಆಮೇಲೆ ಉದ್ದಕ್ಕೂ ಖಾಲಿ. ಅಂಥ ತಾಲ್ಲೂಕಿನ ಬಿಳಿಗೆ ‘ಇಲ್ಲ’ ಎಂಬ ಅರ್ಥ ಇಲ್ಲ, ‘ಆಮೇಲೆ ಯಾರೂ ಹೋಗಿ ಅಚ್ಚು ಹಾಕಿಸಲಿಲ್ಲ’ ಎಂಬ ಅರ್ಥ. ಮತ್ತೆ ಮತ್ತೆ ಹುಡುಕಿದ ಮೇಲೂ ಒಂದು ಶತಮಾನದ ಕೋಶ ಬರಿದಾಗೇ ಉಳಿದಿದ್ದರೆ, ಆ ಬರಿದನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬಹುದು, ಅದರ ಬಗ್ಗೆ ಯಾಕೆ ಅಂತ ಕೇಳಬಹುದು.

ಪಿವೊಟ್ ಟೇಬಲ್ಲಿನ ಆ ಡಬ್ಬಿಯಲ್ಲಿದ್ದ ಸೊನ್ನೆ ತೆಗೆದುಹಾಕಿದ್ದೇನೆ. ಖಾಲಿ ಕೋಶಕ್ಕೆ ಈಗ ಬಿಳಿ ಇಲ್ಲ, ಬೂದು ಬಣ್ಣ, ಅದರ ಮೇಲೆ ಓರೆ ಗೆರೆ. ಕೆಳಗೆ ‘ವರದಿಯಾಗಿಲ್ಲ’ ಅಂತ ಬರೆದಿದೆ. ಚಿತ್ರದ ಅಂದ ಕೆಟ್ಟಿದೆ, ನಿಜ. ತೇದಿ ಇಲ್ಲದೆ ಲಿಪಿಯ ಮೇಲೆ ‘9–10ನೆಯ ಶತಮಾನ’ ಎಂದಿರುವ ಶಾಸನವನ್ನು ಒಂದೇ ಕೋಶಕ್ಕೆ ನೂಕದೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು 0.5, 0.5 ಹಂಚುತ್ತೇನೆ. ಎಣಿಕೆಯ ಬದಲು ಮೊತ್ತ ತೆಗೆದರೆ ಆಯಿತು. ಅರ್ಧ ವೀರಗಲ್ಲು ಅಂದರೇನು ಅಂತ ಹೆಂಡತಿ ನಕ್ಕಳು. ಆದರೆ ಪುರಾತತ್ವದವರು ಇದನ್ನು ಅಯೋರಿಸ್ಟಿಕ್ ವಿಶ್ಲೇಷಣೆ ಎಂಬ ಹೆಸರಲ್ಲಿ ಮಾಡುತ್ತಾರೆ, ನಾನು ಕಂಡುಹಿಡಿದದ್ದೇನಲ್ಲ. ಶೀರ್ಷಿಕೆಯೂ ಬದಲಾಗಿದೆ: ‘1905ರವರೆಗೆ ರೈಸ್ ಸಂಪುಟಗಳಲ್ಲಿ ಅಚ್ಚಾದ ಶಾಸನಗಳು’. ಇದನ್ನು ವಾಟ್ಸಾಪಿನಲ್ಲಿ ಯಾರೂ ಮುಂದಕ್ಕೆ ಕಳಿಸುವುದಿಲ್ಲ, ಅದೂ ಗೊತ್ತು.

ಇನ್ನೊಂದು ಕಾಲಂ ಸೇರಿಸಬೇಕೆಂದಿದ್ದೇನೆ, ಇನ್ನೂ ಆಗಿಲ್ಲ. ‘ಕಲ್ಲು ಈಗ ಇದೆಯೇ?’ ಅಚ್ಚಿನಲ್ಲಿರುವುದೆಲ್ಲ ನೆಲದ ಮೇಲೆ ಇಲ್ಲ. ಬೆಂಗಳೂರಿನ ಸುತ್ತಮುತ್ತ ರೈಸ್ ಪಟ್ಟಿ ಹಿಡಿದು ಕಲ್ಲು ಹುಡುಕಿದ ಗೆಳೆಯರಿಗೆ ಇದು ಚೆನ್ನಾಗಿ ಗೊತ್ತು. ಆ ಕಾಲಂ ತುಂಬಲು ಮೇಜಿನ ಮುಂದೆ ಕೂತರೆ ಆಗದು. ನಿಮ್ಮ ತಾಲ್ಲೂಕಿನ ಐದೇ ಐದು ಊರಿಗೆ ಹೋಗಿ ನೋಡಿ ಬಂದು ‘ಇದೆ’, ‘ಇಲ್ಲ’, ‘ಅಕ್ಷರ ಅಳಿಸಿದೆ’ ಎಂದು ಬರೆದು ಕಳಿಸಿದರೂ ನನ್ನ ಹಾಳೆಗೆ ಸೇರಿಸಿಕೊಳ್ಳುತ್ತೇನೆ.

ಮೇಷ್ಟ್ರ ಊರಿಗೆ ದೀಪಾವಳಿ ಕಳೆದ ಮೇಲೆ ಹೋಗಿದ್ದೆ. ಉಳಿದ ಕಲ್ಲನ್ನು ಅವರು ಮನೆಯ ಅಂಗಳಕ್ಕೆ ತರಿಸಿ ಗೋಡೆಗೆ ಒರಗಿಸಿದ್ದರು. ಮೂರು ಪಟ್ಟಿಕೆಯ ವೀರಗಲ್ಲು. ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಪಟ್ಟಿಕೆಗಳ ನಡುವೆ ಎರಡು ಸಾಲು ಬರಹ ಇತ್ತು. ಸೋಪಿನ ನೀರು, ಬಟ್ಟೆಯ ಏಟು ತಿಂದು ತಿಂದು ನಡುಭಾಗ ಪೂರ್ತಿ ಸವೆದಿದೆ. ಸಂಜೆ ಟಾರ್ಚನ್ನು ಪಕ್ಕದಿಂದ ಹಿಡಿದಾಗ ಮೊದಲ ಸಾಲಿನ ಆರಂಭದ ಸ್ವಸ್ತಿಶ್ರೀ ಮಾತ್ರ ಖಚಿತವಾಗಿ ಓದಿತು, ಆಮೇಲೆ ಅಲ್ಲೊಂದು ಇಲ್ಲೊಂದು ಅಕ್ಷರ. ರಾಜನ ಹೆಸರು ಇದ್ದ ಜಾಗ ನುಣ್ಣಗಾಗಿದೆ. ಫೋಟೊ ತೆಗೆದು, ಅಳತೆ ಬರೆದುಕೊಂಡು, ಜಿಪಿಎಸ್ ಹಾಕಿ ಬಂದೆ. ನನ್ನ ಹಾಳೆಯಲ್ಲಿ ಆ ಸಾಲಿಗೆ ರಾಜವಂಶ, ವರ್ಷ ಎರಡೂ ಖಾಲಿ.

ಮೇಷ್ಟ್ರು ಪಾಯ ತೋಡಿದ್ದ ಜಾಗವನ್ನೂ ತೋರಿಸಿದರು. ಮೇಲೆ ಆಗಲೇ ಗ್ರಾನೈಟ್ ಹಾಸಿದ್ದರು. ಆ ಹುಡುಗನೂ ಬಂದಿದ್ದ. ಹಾಕುವಾಗ ಫೋಟೊ ಏನಾದರೂ ತೆಗೆದಿದ್ದೀಯೇನಪ್ಪಾ ಅಂತ ಕೇಳಿದೆ. ಪೂಜೆಯದ್ದು ಒಂದು ವಿಡಿಯೊ ಇದೆ ಸಾರ್, ಹುಡುಕಿ ಕಳಿಸ್ತೀನಿ ಅಂದ. ಕಳಿಸಿದ. ಹನ್ನೊಂದು ಸೆಕೆಂಡಿನ ಆ ವಿಡಿಯೊದಲ್ಲಿ ಗುಂಡಿಯ ಮೂಲೆಯಲ್ಲಿ ಒಂದು ಕಲ್ಲಿನ ಅಂಚು ಕಾಣುತ್ತದೆ, ಅದರ ಮೇಲೆ ಅರಿಶಿನ-ಕುಂಕುಮ ಇದೆ. ಅಕ್ಷರ ಇರುವ ಮುಖ ಮಣ್ಣಿನ ಕಡೆಗಿದೆ. ನನ್ನ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಸೇರಿಸಿದ್ದೇನೆ.